ವಂದನಾರ್ಪಣೆಯ ಕೆಳಗಿನ ನಂಬರು

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎಂಬ ಕಟ್ಟಳೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಈಗ ತೀರಿಕೊಂಡಿರುವ ನಮ್ಮ ಮೇಷ್ಟ್ರಂತೂ ಅದನ್ನು ಬದುಕಿರುವವರಿಗೂ ವಿಸ್ತರಿಸಿದ್ದರು. ಹಾಗಾಗಿ ಅವರ ನುಡಿನಮನದ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು, ‘ಅವರದು ಸರಳ, ಸ್ಪಷ್ಟ, ಸುಂದರ ಬರವಣಿಗೆ’ ಎಂದು ಹೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಚನ್ನಗಿರಿಯ ಆ ಸಮುದಾಯ ಭವನದ ಕೊನೆಯ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಕರ್ಚೀಫನ್ನು ಮುಖಕ್ಕೆ ಒತ್ತಿ ಹಿಡಿದೆ. ಪಕ್ಕದಲ್ಲಿದ್ದ ಹಿರಿಯರು ನಾನು ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದರು. ಬೆನ್ನು ಸವರಿಸಿಕೊಂಡ ಮೇಲೆ ಸ್ವಲ್ಪ ಅಳುವೂ ಬಂತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ಪ್ರಮಾಣ ಮಾಡಿ ಹೇಳಲಾರೆ. ನೆನಪು ಎಂಬುದು ನಮ್ಮ ಕಡೆಯ ನಿರೂಪಕರ ಹಾಗೆ. ಆಗಿದ್ದಕ್ಕಿಂತ ಚೆನ್ನಾಗಿ ಹೇಳುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಅದಕ್ಕೆ ತಕ್ಕ ವಿಶೇಷಣ ಹಚ್ಚಬೇಕಾಗುತ್ತದೆ. ವಿಶೇಷಣವಿಲ್ಲದ ಹೆಸರು ಕಂಡರೆ ಅವರಿಗೆ ಬಟ್ಟೆಯಿಲ್ಲದವರನ್ನು ಕಂಡಷ್ಟು ಸಂಕೋಚವಾಗುತ್ತಿತ್ತು.

ಊರು ಅವರನ್ನು ಮೇಷ್ಟ್ರು ಎನ್ನುತ್ತಿತ್ತು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮೂಲತಃ ಕಾರ್ಯಕ್ರಮ ನಿರೂಪಕರು. ಶಾಲಾ ವಾರ್ಷಿಕೋತ್ಸವ, ಸಹಕಾರ ಸಂಘದ ಸಭೆ, ನಿವೃತ್ತರ ಬೀಳ್ಕೊಡುಗೆ, ಎಲ್ಲಿ ಒಂದು ಮೈಕು ಮತ್ತು ಒಂದಿಷ್ಟು ಕುರ್ಚಿಗಳಿದ್ದವೋ ಅಲ್ಲಿ ಅವರಿದ್ದರು. ಸನ್ಮಾನ ಮಾಡಿಸಿಕೊಳ್ಳುವವರಿಗೆ ಓದಿ, ಕಟ್ಟು ಹಾಕಿಸಿ ಕೊಡುವ ಬಿನ್ನವತ್ತಳೆ ಬರೆಯುವುದರಲ್ಲಿ ಹೊನ್ನಾಳಿಯಿಂದ ಜಗಳೂರಿನವರೆಗೆ ಅವರಿಗೆ ಸರಿಸಾಟಿ ಇರಲಿಲ್ಲ. ಎಲ್ಲರ ಕೈಗೂ ಫೋನು ಬಂದ ಮೇಲೆ, ಸನ್ಮಾನ ಮಾಡಿಸಿಕೊಳ್ಳುತ್ತಿದ್ದವರೇ ವೆಬ್‌ಸೈಟು ಮಾಡಿಸಿಕೊಳ್ಳತೊಡಗಿದರು. ಮೇಷ್ಟ್ರು ತಡಮಾಡದೆ ಆ ಕಡೆ ದಾಟಿದರು.

“ವೆಬ್‌ಸೈಟೂ ಒಂದು ಕಾರ್ಯಕ್ರಮನೇ ಕಣ್ರೀ,” ಎನ್ನುತ್ತಿದ್ದರು. “ಮುಗಿಯಲ್ಲ, ಅಷ್ಟೇ ವ್ಯತ್ಯಾಸ.”

ಬಸ್ ನಿಲ್ದಾಣದ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಕಚೇರಿ. ಅವರು ಬರೆಯುತ್ತಿದ್ದರು, ನಾನು ಅದನ್ನು ಪುಟಗಳಲ್ಲಿ ಕೂರಿಸುತ್ತಿದ್ದೆ. ಆರಂಭವೂ ಅಂತ್ಯವೂ ಇಲ್ಲದ ಕಥೆಗಳ ಒಂದು ಪುಸ್ತಕ ನನ್ನದೂ ಬಂದಿತ್ತು. ಅದಕ್ಕಾಗಿ ನನ್ನನ್ನು ಕವಿಗಳೇ ಎಂದು ಕರೆಯುತ್ತಿದ್ದರು. ಕಥೆ ಎಂದು ತಿದ್ದಿದರೆ, “ಅರ್ಥ ಆಗದೇ ಇದ್ದದ್ದೆಲ್ಲ ಕವಿತೆನೇ ಬಿಡ್ರಿ,” ಎನ್ನುತ್ತಿದ್ದರು. ಸ್ಪಷ್ಟತೆಯ ವಿಷಯದಲ್ಲಿ ನಮ್ಮಿಬ್ಬರ ಜಗಳ ಹೀಗೆ ಕುರುಡರಿಬ್ಬರು ದಾರಿ ತೋರಿಸಿಕೊಳ್ಳುವ ಜಗಳವಾಗಿತ್ತು.

ಬರೆದದ್ದನ್ನು ಅವರು ಕಣ್ಣಿನಿಂದ ಓದಿ ನೋಡುತ್ತಿರಲಿಲ್ಲ. ಎದ್ದು ನಿಂತು, ಗೋಡೆಗೆ ಮುಖ ಮಾಡಿ, ಇಲ್ಲದ ಮೈಕನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ಅದನ್ನು ತಟ್ಟಿ, ‘ಹಲೋ’ ಎಂದು ನೋಡಿಕೊಂಡು ಓದುತ್ತಿದ್ದರು. ಗೋಡೆ ಚಪ್ಪಾಳೆ ತಟ್ಟುವ ಜಾಗ ಎಲ್ಲೆಲ್ಲಿ ಎಂದು ಅವರಿಗೆ ಗೊತ್ತಿತ್ತು. ಅಲ್ಲಲ್ಲಿ ನಿಲ್ಲಿಸುತ್ತಿದ್ದರು. ನಾನು ಅದೇ ಜಾಗಗಳಲ್ಲಿ ಹೊಸ ಪ್ಯಾರಾ ಮಾಡಬೇಕಿತ್ತು. ಅವರ ವೆಬ್‌ಸೈಟುಗಳಲ್ಲಿ ಪ್ಯಾರಾಗಳು ಎಲ್ಲಿ ಮುಗಿಯುತ್ತವೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಡಿ.

ಕ್ರಮ ಮಾತ್ರ ಕಲ್ಲಿನಲ್ಲಿ ಕೊರೆದಂಥದ್ದು. ಮೊದಲು ಪ್ರಾರ್ಥನೆ. ಆಮೇಲೆ ಸ್ವಾಗತ. ಆಮೇಲೆ ಪ್ರಾಸ್ತಾವಿಕ ನುಡಿ. ಆಮೇಲೆ ಗಣ್ಯರ ಭಾವಚಿತ್ರಗಳು, ಹಿರಿತನದ ಪ್ರಕಾರ, ಫ್ಲೆಕ್ಸ್ ಬೋರ್ಡಿನಲ್ಲಿ ಇರುವಂತೆ ಮೇಲೆ ದೊಡ್ಡವು, ಕೆಳಗೆ ಚಿಕ್ಕವು. ಕೊನೆಗೆ ವಂದನಾರ್ಪಣೆ. ಅಂಗಡಿಯಲ್ಲಿ ಏನು ಸಿಗುತ್ತದೆ, ಬಾಗಿಲು ಯಾವಾಗ ತೆರೆಯುತ್ತದೆ, ಯಾರಿಗೆ ಫೋನು ಮಾಡಬೇಕು ಎಂಬುದೆಲ್ಲ ವಂದನಾರ್ಪಣೆಯ ಕೆಳಗೆ. ಕಾರ್ಯಕ್ರಮ ಮುಗಿದ ಮೇಲೆ ಊಟ ಇರುವ ಹಾಗೆ.

“ಸರ್, ಜನ ಅಲ್ಲೀತನಕ ಬರೋದೇ ಇಲ್ಲ,” ಎಂದು ನಾನು ಹೇಳಿದರೆ ಅವರ ಉತ್ತರ ಸಿದ್ಧವಿತ್ತು.

“ಬೇಕಾದೋನು ಕೆಳಗೆ ಬರ್ತಾನೆ ಕಣ್ರೀ. ಬೇಡಾದೋನು ಮೇಲೇ ಇದ್ದು ಏನು ಮಾಡಬೇಕು?”

ಹೊನ್ನಾಳಿಯ ಹಲ್ಲಿನ ವೈದ್ಯರೊಬ್ಬರಿಗೆ ಬರೆದ ಪುಟವನ್ನು ನಾನು ಇವತ್ತಿಗೂ ಮರೆಯಲಾರೆ. ಅದು ತುಂಗಭದ್ರೆಯ ಸ್ತುತಿಯಿಂದ ಶುರುವಾಗುತ್ತಿತ್ತು. ನದಿಯಿಂದ ನಾಗರಿಕತೆ, ನಾಗರಿಕತೆಯಿಂದ ನಗು, ನಗುವಿನಿಂದ ಹಲ್ಲು. ಹಲ್ಲಿಗೆ ಬರುವ ಹೊತ್ತಿಗೆ ಪುಟ ಸರಿಸಿ ಸರಿಸಿ ಹೆಬ್ಬೆರಳು ಸೋತಿರುತ್ತಿತ್ತು. ನನಗೆ ಆ ವಾರ ದವಡೆ ಹಲ್ಲು ನೋಯುತ್ತಿದ್ದುದರಿಂದ ಸಿಟ್ಟು ಸ್ವಲ್ಪ ಜಾಸ್ತಿಯೇ ಬಂತು.

“ಹಲ್ಲುನೋವು ಬಂದೋನು ಪ್ರಾರ್ಥನೆ ಮುಗಿಯೋತನಕ ಎದ್ದು ನಿಂತಿರಬೇಕಾ ಸರ್?”

“ಹಲ್ಲುನೋವು ಬಂದೋನು ವೆಬ್‌ಸೈಟ್ ಯಾಕ್ರೀ ನೋಡ್ತಾನೆ? ದವಡೆ ಹಿಡ್ಕೊಂಡು ಸೀದಾ ಬರ್ತಾನೆ. ವೆಬ್‌ಸೈಟ್ ನೋಡೋದು ಯಾರು ಹೇಳ್ರಿ? ಡಾಕ್ಟ್ರ ಮಾವ. ಕುರ್ಚಿ, ಮಷೀನು ಎಲ್ಲಾ ಆತ ಕೊಡಿಸಿದ್ದು. ಆತನ ಫೋಟೋ ಎಲ್ಲೈತೆ ಅಂತ ನೋಡ್ತಾನೆ. ಐತೆ. ಮುಗೀತು.”

ಮುಗಿಯಿತು. ವೈದ್ಯರೂ ಅವರ ಮಾವನೂ ಮೇಷ್ಟ್ರಿಗೆ ಶಾಲು ಹೊದಿಸಿ ಕಳಿಸಿದರು. ನಮ್ಮ ಕಡೆಯ ವೆಬ್‌ಸೈಟುಗಳನ್ನು ಓದುವವರು ಅವುಗಳಲ್ಲಿ ಹೆಸರಿರುವವರು ಮಾತ್ರ ಎಂಬ ಸತ್ಯವನ್ನು ಅವರು ನನಗಿಂತ ಬಹಳ ಮೊದಲೇ ಕಂಡುಕೊಂಡಿದ್ದರು. ‘ಓದುಗ ಅಂದ್ರೆ ಹೆಸರು ಹುಡುಕೋನು’ ಎಂಬುದು ಅವರ ಸಾಹಿತ್ಯ ಮೀಮಾಂಸೆ. ‘ಹೆಸರು ಬಿಟ್ರೆ ಹಗೆ’ ಎಂಬುದು ಅದರ ಎರಡನೆಯ ಅಧ್ಯಾಯ. ಮೂರನೆಯ ಅಧ್ಯಾಯ ಇರಲಿಲ್ಲ.

ಸೂರಗೊಂಡನಕೊಪ್ಪಕ್ಕೆ ಬರುವ ಯಾತ್ರಿಗಳಿಗೆಂದು ನ್ಯಾಮತಿಯಲ್ಲಿ ಒಬ್ಬರು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅವರ ಪುಟದಲ್ಲಿ ಎಲ್ಲ ಹಿರಿಯರೂ ಇದ್ದರು. ಕೋಣೆ ಕೊಡುವವರ ಫೋನ್ ನಂಬರು ಮಾತ್ರ ಬಿಟ್ಟುಹೋಗಿತ್ತು. ತಳದಲ್ಲಿ ‘ರಚನೆ’ ಎಂದು ನಮ್ಮ ಕಚೇರಿಯ ನಂಬರು ಇತ್ತು. ಯಾತ್ರಿಗಳು ಅದಕ್ಕೇ ಫೋನು ಮಾಡತೊಡಗಿದರು.

“ರೂಮ್ ಐತೇನ್ರೀ?”

“ತಮಗೆ ಹೃತ್ಪೂರ್ವಕ ಸ್ವಾಗತ,” ಎನ್ನುತ್ತಿದ್ದರು ಮೇಷ್ಟ್ರು.

“ಅದು ಸರಿ, ಬಿಸಿನೀರು ಬರುತ್ತಾ?”

ಮೇಷ್ಟ್ರು ನನ್ನ ಕಡೆ ನೋಡುತ್ತಿದ್ದರು. ನನಗೆ ಹೇಗೆ ಗೊತ್ತಿರಬೇಕು? “ಬರುತ್ತೆ, ಬರುತ್ತೆ, ಧಾರಾಳವಾಗಿ ಬರುತ್ತೆ,” ಎಂದು ಚನ್ನಗಿರಿಯಲ್ಲಿ ಕೂತು ನ್ಯಾಮತಿಯ ನಲ್ಲಿಯಲ್ಲಿ ಬಿಸಿನೀರು ಬಿಡುತ್ತಿದ್ದರು.

ಒಮ್ಮೆ ಹೊನ್ನಾಳಿಯಲ್ಲಿ ತರಬೇತಿ ಶಿಬಿರ ನಡೆಯಿತು. ವಿಷಯ: ಜಾಲತಾಣಗಳಿಗೆ ಸ್ಪಷ್ಟವಾಗಿ, ಓದಿಸಿಕೊಂಡು ಹೋಗುವಂತೆ ಬರೆಯುವುದು ಹೇಗೆ. ಅವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಹೇಳಿಕೊಡಲು ಬಂದ ತರುಣಿ ಬಲು ಚುರುಕು. ವಾಕ್ಯ ಚಿಕ್ಕದಿರಲಿ, ಚುಕ್ಕಿ ಇಟ್ಟು ವಿಂಗಡಿಸಿ, ಓದುವವರು ಏನು ಕೇಳಬಹುದೋ ಅದನ್ನು ಮೊದಲೇ ಕೇಳಿ ಉತ್ತರ ಕೊಡಿ ಎಂದಳು. ಮೇಷ್ಟ್ರು ತಲೆದೂಗುತ್ತ ಕೇಳಿದರು. ಅಷ್ಟೇ ಅಲ್ಲ, ವಂದನಾರ್ಪಣೆ ಮಾಡಲು ಯಾರೂ ಇಲ್ಲದ್ದನ್ನು ಕಂಡು ತಾವೇ ಮಾಡಿಕೊಟ್ಟರು.

ಮರುದಿನವೇ ಪಾಠ ಜಾರಿಗೆ ಬಂತು. ಚಿಕ್ಕ ವಾಕ್ಯಗಳು: “ಸ್ವಾಗತ. ಸುಸ್ವಾಗತ. ಹೃತ್ಪೂರ್ವಕ ಸುಸ್ವಾಗತ.” ಚುಕ್ಕಿಗಳು: ಪ್ರತಿ ಗಣ್ಯರ ಹೆಸರಿನ ಮುಂದೆ ಕುಂಕುಮದ ಹಾಗೆ ಒಂದೊಂದು. ಪ್ರಶ್ನೆ: “ತಮ್ಮ ಸಂಸ್ಥೆಯ ಈ ಪರಿಯ ಏಳಿಗೆಗೆ ಕಾರಣವೇನು?” ಉತ್ತರ: “ಹಿರಿಯರ ಆಶೀರ್ವಾದ.”

“ಯಾರು ಸರ್ ಈ ಪ್ರಶ್ನೆ ಕೇಳ್ತಾರೆ?”

“ಕೇಳಲ್ಲ ಅಂತಾನೇ ನಾವು ಕೇಳಬೇಕು,” ಎಂದರು.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ಅವರೊಬ್ಬ ವಿದೂಷಕ ಅನ್ನಿಸುತ್ತದೆ. ಹೌದು, ಆಗಿದ್ದರು. ಅದನ್ನು ಮೆತ್ತಗೆ ಮಾಡುವ ಇರಾದೆ ನನಗಿಲ್ಲ. ಆದರೆ ಜಗಳೂರಿನ ಹನುಮಕ್ಕನ ಸಂಗತಿ ಈ ಚಿತ್ರದೊಳಗೆ ಸರಿಯಾಗಿ ಕೂರುವುದಿಲ್ಲ. ಕೂರದಿರುವುದರಿಂದಲೇ ಹೇಳಬೇಕಾಗಿದೆ.

ಹನುಮಕ್ಕ ಎರಡು ಬಸ್ಸು ಬದಲಿಸಿ, ಚೀಲದಲ್ಲಿ ಒಂದು ತುಂಡು ಕಂಬಳಿ ಇಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು. ಅವಳ ಹಿಂದೆಯೇ ಕುರಿ ಉಣ್ಣೆಯ, ನೂಲಿಗೆ ಕೊಡುವ ಹುಣಸೆಬೀಜದ ಗಂಜಿಯ ವಾಸನೆ ಕೋಣೆಗೆ ಬಂತು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಎರಡು ಕಂಬಳಿ ಮಗ್ಗ. ಮೈದುನ ಮತ್ತು ಅವನ ಷಡ್ಡಕ ನೇಯುತ್ತಿದ್ದರು, ನೂಲುವುದು, ಗಂಜಿ ಕೊಡುವುದು, ಮಾರುವುದು ಇವಳದು. ಸಂತೆಯಲ್ಲಿ ಕಂಬಳಿ ಕೊಳ್ಳುವವರು ಕಡಿಮೆಯಾಗಿದ್ದರು. ಮೈದುನ, ಹಬ್ಬ ಮುಗಿದ ಮೇಲೆ ಮೆಕ್ಕೆಜೋಳದ ಮಂಡಿಗೆ ಹಮಾಲಿಗೆ ಹೋಗುತ್ತೇನೆ ಎಂದು ಹೇಳಿಬಿಟ್ಟಿದ್ದ.

“ಅವ ಹೋದ್ರೆ ಮಗ್ಗ ಬಿಚ್ಚಬೇಕು ಮೇಷ್ಟ್ರೇ. ಬಿಚ್ಚಿದ ಮ್ಯಾಲೆ ಅದು ಮಗ್ಗ ಅಲ್ಲ, ಸೌದೆ. ಮತ್ತೆ ಕಟ್ಟೋರು ಯಾರೂ ಇಲ್ಲ.”

ಒಂದು ಮೇಳದಲ್ಲಿ ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಇವಳ ಕಂಬಳಿ ಮುಟ್ಟಿ ನೋಡಿ, ‘ನಿಮ್ಮದು ವೆಬ್‌ಸೈಟ್ ಇದ್ರ ಕಳಸ್ರಿ, ನೋಡಿ ಹೇಳ್ತೀನಿ’ ಎಂದಿದ್ದನಂತೆ. ಅವನ ಆರ್ಡರು ಬಂದರೆ ಮಗ್ಗ ಉಳಿಯುತ್ತದೆ, ಬರದಿದ್ದರೆ ಇಲ್ಲ. ವಿಷಯ ಇಷ್ಟೇ. ಇಷ್ಟನ್ನೇ ಬರೆದಿದ್ದರೂ ಸಾಕಿತ್ತು.

“ಎಷ್ಟು ಉದ್ದ, ಎಷ್ಟು ಅಗಲ ಅಂತ ಬರೀರಿ,” ಎಂದಳು ಹನುಮಕ್ಕ. “ಚುಚ್ಚುತ್ತೆ ಅಂತಾನೂ ಬರೀರಿ, ಆಮ್ಯಾಲೆ ಬೈಯ್ಯೋದು ಬ್ಯಾಡ.”

“ಅದೆಲ್ಲ ಬರುತ್ತೆ ತಾಯಿ. ಹಿರಿಯರು ಯಾರ್ಯಾರಿದಾರೆ?”

ನಾನು ಅವಳ ಬಾಯಿಂದ ‘ಯಾರೂ ಇಲ್ಲ’ ಎಂಬ ಮಾತು ಬರಲಿ ಎಂದು ಕಾದೆ. ಅವಳು ಬೆರಳು ಮಡಿಚಿದಳು. ನೇಕಾರರ ಸಂಘದ ಗೌರವಾಧ್ಯಕ್ಷರು. ಅವರ ಅಳಿಯ. ಮಠದ ಬುದ್ಧಿಯವರು. ಮೇಳಕ್ಕೆ ಕಳಿಸಿದ ಅಧಿಕಾರಿ. “ಗೌರವಾಧ್ಯಕ್ಷರನ್ನಂತೂ ಬಿಡಬ್ಯಾಡ್ರಿ. ಮಗ್ಗ ಇಟ್ಟಿರೋ ಶೆಡ್ಡು ಅವರ್ದು. ಬಾಡಿಗೆ ಕೇಳಲ್ಲ, ಅದ್ಕೇ ಭಯ.”

ಮೇಷ್ಟ್ರು ನನ್ನನ್ನು ನೋಡಿ ಹುಬ್ಬು ಏರಿಸಿದರು. ನೋಡಿದ್ರೇನ್ರೀ ಕವಿಗಳೇ, ಎಂಬಂತೆ.

ಪುಟ ತಯಾರಾಯಿತು. ಕುರಿಯ ಪುರಾಣದಿಂದ ಪ್ರಾರ್ಥನೆ. ಕಂಬಳಿ ‘ಉಣ್ಣೆಯ ಮಹಾಕಾವ್ಯ’ವಾಯಿತು. ‘ನೂರಾರು ಮಗ್ಗಗಳ ಮಂಗಳನಾದ’ ಎಂಬ ಮಾತು ಗೋಡೆಯ ಮುಂದೆ ಬಹಳ ಚೆನ್ನಾಗಿ ಕೇಳಿಸಿತು. ಎರಡೇ ಮಗ್ಗ ಎಂದು ನೆನಪಿಸಿದೆ. “ಎರಡಕ್ಕೆ ನಾದ ಬರಲ್ಲ,” ಎಂದರು. ಹನುಮಕ್ಕನ ಹೆಸರು ಎಲ್ಲೂ ಇರಲಿಲ್ಲ. ಕೇಳಿದರೆ, ಮನೆಯವರು ತಮ್ಮ ಮನೆಯ ಕಾರ್ಯದಲ್ಲಿ ವೇದಿಕೆ ಹತ್ತುವುದು ಶೋಭೆಯಲ್ಲ ಎಂದರು. ಫೋನ್ ನಂಬರು ಗೌರವಾಧ್ಯಕ್ಷರದ್ದು. ಹಿರಿಯರಿರುವಾಗ ಬೇರೆಯವರ ನಂಬರು ಕೊಡುವುದು ಹೇಗೆ?

ವ್ಯಾಪಾರಿ ಪುಟ ನೋಡಿದ. ನೂರಾರು ಮಗ್ಗ ಎಂದು ಓದಿ ಆಸೆಯಾಯಿತೋ ಏನೋ, ಗೌರವಾಧ್ಯಕ್ಷರಿಗೆ ಫೋನು ಮಾಡಿದ. ಅವರಿಗೆ ಕಂಬಳಿಯ ಬೆಲೆಯೂ ಗೊತ್ತಿರಲಿಲ್ಲ, ಅಳತೆಯೂ ಗೊತ್ತಿರಲಿಲ್ಲ. ಹಾಗಾಗಿ, “ನೀವೇ ಬರ್ರಿ, ಕಣ್ಣಾರೆ ನೋಡ್ರಿ,” ಎಂದರು. ಆಮೇಲೆ ಮೇಷ್ಟ್ರಿಗೆ ಹೇಳಿ ಕಳಿಸಿದರು. ಮೇಷ್ಟ್ರು ಆ ಭೇಟಿಗೆ ‘ಕಂಬಳಿ ದರ್ಶನ ಸಮಾರಂಭ’ ಎಂದು ಹೆಸರಿಟ್ಟರು.

ಶೆಡ್ಡಿನ ಮುಂದೆ ಹಲಗೆ ಜೋಡಿಸಿದ ಸಣ್ಣ ವೇದಿಕೆ. ಶಾಮಿಯಾನ. ಮೈಕು. ನಾವು ಚನ್ನಗಿರಿಯಿಂದ ಹೋಗಿ ಇಳಿದಾಗ ಕುರ್ಚಿಗಳನ್ನು ಆಗಲೇ ಜೋಡಿಸಿದ್ದರು. ಹಲಗೆ ಬರಿದಾಗಿ ಕಾಣುತ್ತಿದೆ, ಏನಾದರೂ ಹಾಸಿ ಎಂದು ಮೇಷ್ಟ್ರು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಯಾರೋ ಶೆಡ್ಡಿನೊಳಗೆ ಹೋಗಿ, ಅಗಲವಾದ ಕರಿ ಕಂಬಳಿಯೊಂದನ್ನು ತಂದು ಹಾಸಿ, ಅದರ ಮೇಲೆ ನಡುವಿನ ಕುರ್ಚಿಗಳನ್ನು ಇಟ್ಟರು. ಮೈಕಿನ ಕಂಬ ಅದರ ಅಂಚಿಗೆ ಬಂತು. ನಮ್ಮಲ್ಲಿ ಹಿರಿಯರಿಗೆ ಕಂಬಳಿ ಹಾಸುವುದು ಮರ್ಯಾದೆಯೇ. ಯಾರಿಗೂ ತಪ್ಪು ಕಾಣಲಿಲ್ಲ.

ವ್ಯಾಪಾರಿ ಬಂದ. ಗಿಡ್ಡ ಮನುಷ್ಯ, ಮಾತು ಕಡಿಮೆ. ಅವನನ್ನು ಕೈ ಹಿಡಿದು ವೇದಿಕೆ ಹತ್ತಿಸಿದರು. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಸುಸ್ವಾಗತವಾಯಿತು. ಸನ್ಮಾನದ ಸರದಿ ಬಂದಾಗ, ಕಂಬಳಿ ಕೊಳ್ಳಲು ಬಂದ ಆ ಮನುಷ್ಯನಿಗೆ, ಕಂಬಳಿ ನೇಯುವ ಶೆಡ್ಡಿನ ಮುಂದೆ, ದಾವಣಗೆರೆಯ ಅಂಗಡಿಯಿಂದ ತಂದ ಜರಿಯಂಚಿನ ಮಿಲ್ಲಿನ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ನಾನು ಸುತ್ತಲೂ ನೋಡಿದೆ. ಒಬ್ಬರ ಮುಖದಲ್ಲಾದರೂ ಏನೋ ಎಡವಟ್ಟಾಗಿದೆ ಎಂಬ ಸುಳಿವಿಲ್ಲ. ಸನ್ಮಾನಕ್ಕೆ ಹೊದಿಸುವುದು ಶಾಲು. ಕಂಬಳಿ ಹೇಗೆ ಹೊದಿಸುತ್ತಾರೆ?

ಗೌರವಾಧ್ಯಕ್ಷರ ಭಾಷಣ ಶುರುವಾಯಿತು. ಸಣ್ಣವರಿದ್ದಾಗ ತಾವು ಕಂಡ ಕುರಿಗಳಿಂದ ಆರಂಭಿಸಿದರು. ವ್ಯಾಪಾರಿ ವಾಚು ನೋಡಿಕೊಂಡನೋ, ಫೋನು ನೋಡಿಕೊಂಡನೋ ಈಗ ಸರಿಯಾಗಿ ನೆನಪಿಲ್ಲ. ಎರಡೂ ಚಿತ್ರ ಕಣ್ಣ ಮುಂದಿವೆ, ಒಂದನ್ನು ನಾನೇ ಬರೆದುಕೊಂಡಿರಬೇಕು. ಅವನು ಪಕ್ಕದವರಿಗೆ ಮೆಲ್ಲಗೆ ಹೇಳಿದ ಮಾತನ್ನು ಮಾತ್ರ ಮೈಕು ಎಲ್ಲರಿಗೂ ಕೇಳಿಸಿತು.

“ಕಂಬಳಿ ಎಲ್ಲೈತ್ರೀ?”

“ಬರ್ತೈತೆ ಬರ್ತೈತೆ, ಕಾರ್ಯಕ್ರಮ ಆಗ್ಲಿ,” ಎಂದರು ಪಕ್ಕದಲ್ಲಿದ್ದ, ಗೌರವಾಧ್ಯಕ್ಷರ ಅಳಿಯ.

“ನನಗ ಹೊತ್ತಾತ್ರಿ. ನಾ ಹೊಂಟೆ,” ಎಂದು ವ್ಯಾಪಾರಿ ಎದ್ದೇಬಿಟ್ಟ.

ಹನುಮಕ್ಕ ಆಗ ತಟ್ಟೆಯಲ್ಲಿ ಚಹಾ ಹಿಡಿದು ಶೆಡ್ಡಿನ ಹಿಂದಿನಿಂದ ಬರುತ್ತಿದ್ದಳು. ಬೆಳಗಿನಿಂದ ಒಲೆಯ ಮುಂದೆ ಇದ್ದವಳು ವೇದಿಕೆಯನ್ನು ನೋಡಿದ್ದೇ ಆಗ. ಹೊರಟು ನಿಂತ ವ್ಯಾಪಾರಿಯನ್ನು ನೋಡಿದಳು. ಅವನ ಹೆಗಲ ಮೇಲಿನ ಶಾಲು ನೋಡಿದಳು. ಆಮೇಲೆ ಎಲ್ಲರ ಕಾಲ ಕೆಳಗೆ ನೋಡಿದಳು.

“ಅಯ್ಯೋ ನಿಮ್ಮ! ಅದು ತೋರ್ಸಾಕೆ ಅಂತ ನೇಯ್ಸಿದ್ದು!”

ತಟ್ಟೆಯನ್ನು ನೆಲಕ್ಕಿಟ್ಟು ಬಂದವಳೇ ಕಂಬಳಿಯ ಅಂಚು ಹಿಡಿದು ಜಗ್ಗಿದಳು.

“ಏಳ್ರಿ. ಎಲ್ರೂ ಏಳ್ರಿ ಮ್ಯಾಲೆ.”

ಒಬ್ಬರೂ ಏಳಲಿಲ್ಲ. ಗೌರವಾಧ್ಯಕ್ಷರ ಮಾತು ಕುರಿಗಳ ನಡುವೆ ನಿಂತಿತು. ಅವರ ಮುಖ ಬಣ್ಣ ಬದಲಿಸುತ್ತಿತ್ತು. ಆ ಶೆಡ್ಡು ಯಾರದ್ದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಇನ್ನೊಂದು ಸಲ ಹಾಗೆ ಹೇಳಿದ್ದರೆ ಮಗ್ಗಗಳು ಆ ಸಂಜೆಯೇ ಬೀದಿಗೆ ಬರುತ್ತಿದ್ದವು. ಹೇಳದಿದ್ದರೆ ವ್ಯಾಪಾರಿ ಹೊರಟುಹೋಗುತ್ತಿದ್ದ. ಹೇಗಾದರೂ ಕತೆ ಮುಗಿದಂತೆಯೇ. ಆಗ ಮೈಕಿನಲ್ಲಿ ಮೇಷ್ಟ್ರ ದನಿ ಬಂತು, ಅದೇ ಸಮಾರಂಭದ ದನಿ, ಮುಂಚಿನಿಂದಲೂ ಪಟ್ಟಿಯಲ್ಲಿ ಇದ್ದದ್ದೇ ಎಂಬಂತೆ.

“ಈಗ ವೇದಿಕೆಯ ಮೇಲಿನ ಗಣ್ಯರೆಲ್ಲರೂ ಎದ್ದು ನಿಂತು, ಪಾದರಕ್ಷೆ ಕಳಚಿ, ಕಂಬಳಿಗೆ ಗೌರವ ಸಲ್ಲಿಸಬೇಕೆಂದು ಕೋರುತ್ತೇನೆ.”

ಎಲ್ಲರೂ ಎದ್ದರು. ನಮ್ಮ ಜನ ಮನುಷ್ಯರ ಮಾತು ಮೀರಿಯಾರು, ಮೈಕಿನ ಮಾತು ಮೀರುವುದಿಲ್ಲ. ಚಪ್ಪಲಿಗಳು ಕಳಚಿದವು. ಗೌರವಾಧ್ಯಕ್ಷರು ತಮ್ಮ ಕುರ್ಚಿಯನ್ನು ತಾವೇ ಎತ್ತಿ ಪಕ್ಕಕ್ಕಿಟ್ಟು ಕೈಮುಗಿದು ನಿಂತರು. ಹನುಮಕ್ಕ ಕಂಬಳಿ ಎಳೆದು, ಎರಡು ಸಲ ಜೋರಾಗಿ ಕೊಡವಿದಳು. ಧೂಳು ಗಣ್ಯರ ಮೇಲೆ ಸಮನಾಗಿ, ಹಿರಿತನ ನೋಡದೆ ಬಿತ್ತು.

ವ್ಯಾಪಾರಿ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದ. ಕಂಬಳಿಯನ್ನು ಮುಂಗೈಗೆ ಉಜ್ಜಿಕೊಂಡ. ಮೂಸಿ ನೋಡಿದ.

“ಚುಚ್ಚತೈತಿ.”

“ಮೊದಲ್ನೇ ವರ್ಷ ಚುಚ್ತೈತ್ರಿ,” ಎಂದಳು ಹನುಮಕ್ಕ. “ಆಮ್ಯಾಲೆ ನಿಮ್ಮನ್ನ ಬಿಟ್ಟಿರಲ್ಲ.”

“ಮಗ್ಗ ಎಷ್ಟು ಅದಾವ? ಖರೇ ಹೇಳ್ರಿ.”

“ಎರಡು.”

“ವೆಬ್‌ಸೈಟಿನ್ಯಾಗ ನೂರಾರು ಅಂತ ಐತೆಲ್ಲ?”

“ಅವು ಮೇಷ್ಟ್ರು ನೇಯ್ದವು,” ಎಂದಳು.

ಅವನು ನಕ್ಕ. ಬಂದಾಗಿನಿಂದ ಅದೇ ಮೊದಲ ಸಲ. ಎರಡು ಮಗ್ಗದಲ್ಲಿ ದೀಪಾವಳಿಯ ತನಕ ಆಗುವಷ್ಟು ಕಂಬಳಿ ತನಗೇ ಕೊಡಬೇಕೆಂದ. ಹೊರಡುವಾಗ ನನ್ನ ಕಡೆ ತಿರುಗಿ, “ಮುಂದಿನ ಸಲ ಈಕಿಗೇ ಫೋನ್ ಹಚ್ಚಾಂವ ನಾ. ಈಕಿ ನಂಬರು ಅದರಾಗ ಹಾಕ್ರಿ. ಇಲ್ಲಾಂದ್ರ ನಾ ಮತ್ತ ಈ ಕಡೆ ಹಣಿಕಿ ಹಾಕೂದಿಲ್ಲ,” ಎಂದ. ಮೈಕಿನಲ್ಲಿ ವಂದನಾರ್ಪಣೆ ಶುರುವಾಗಿತ್ತು. ಮೇಷ್ಟ್ರು ಶಾಮಿಯಾನದವರಿಂದ ಹಿಡಿದು ಯಾರನ್ನೂ ಬಿಡಲಿಲ್ಲ.

ನುಡಿನಮನದ ಸಭೆಯಲ್ಲಿ ಈ ಘಟನೆಯನ್ನು ಒಬ್ಬರು ಹೇಳಿದರು. ಅವರ ಪ್ರಕಾರ ಕಂಬಳಿಯ ಘನತೆಯನ್ನು ತೋರಿಸಿಕೊಡಲೆಂದೇ ಮೇಷ್ಟ್ರು ಅದನ್ನು ಮೊದಲು ಹಾಸಿಸಿ, ಆಮೇಲೆ ಎತ್ತಿಸಿದರಂತೆ. ಎಲ್ಲವೂ ಅವರ ಯೋಜನೆಯಂತೆ. ಜನ ‘ಆಹಾ’ ಎಂದರು. ನೆನಪುಗಳಿಗೆ ಇಸ್ತ್ರಿ ಮಾಡುವ ಈ ಚಾಳಿಯೇ ನನಗೆ ಆಗುವುದಿಲ್ಲ. ಅವತ್ತು ಜಗಳೂರಿನಿಂದ ದಾವಣಗೆರೆಯ ಕಡೆ ಬರುವ ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ.

“ಸರ್, ಆ ಮಾತು ಹೆಂಗೆ ಹೊಳೀತು ನಿಮಗೆ? ಆಕೆನ ಉಳಿಸಿದ್ರಿ ನೀವು.”

ಅವರು ಕಿಟಕಿಯ ಹೊರಗೆ ಒಣಗುತ್ತಿದ್ದ ಶೇಂಗಾ ಹೊಲಗಳನ್ನು ನೋಡುತ್ತಿದ್ದರು.

“ನಾನೂ ಅದರ ಮೇಲೇ ನಿಂತಿದ್ದೆ ಕಣ್ರೀ,” ಎಂದರು. “ಆಕೆ ಎಳದ್ಲು. ಮೈಕ್ ಸಮೇತ ಬೀಳ್ತಿದ್ದೆ.”

ಇದನ್ನೂ ನಾನು ಪೂರ್ತಿ ನಂಬಿಲ್ಲ. ತಮ್ಮ ಬಗ್ಗೆ ವಿಶೇಷಣವಿಲ್ಲದೆ ಆಡಿದ ಮಾತು ಅದೊಂದೇ ಆಗಿದ್ದರಿಂದ ಅನುಮಾನ.

ಮರುದಿನ ಬೆಳಿಗ್ಗೆ ಪುಟ ತಿದ್ದಲು ಕೂತೆವು. ಮೊದಲ ತಿದ್ದುಪಡಿ, ಗಣ್ಯರ ಸಾಲಿನಲ್ಲಿ ವ್ಯಾಪಾರಿಯ ಭಾವಚಿತ್ರ ಸೇರಿಸುವುದು. ಶಾಲು ಹೊದ್ದದ್ದೇ ಇರಲಿ ಎಂದರು. ಇನ್ನು ಹನುಮಕ್ಕನ ನಂಬರು. ಅಲ್ಲಿ ಅವರು ಸಿಕ್ಕಿಬಿದ್ದರು. ಗೌರವಾಧ್ಯಕ್ಷರ ನಂಬರು ತೆಗೆದರೆ ಶೆಡ್ಡು ಹೋಗುತ್ತದೆ. ತೆಗೆಯದಿದ್ದರೆ ವ್ಯಾಪಾರಿ ಹೋಗುತ್ತಾನೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರು ಹಿರಿಯರು ಎಂಬ ಪ್ರಶ್ನೆ. ಗೋಡೆಯ ಮುಂದೆ ನಿಂತರು, ಮೈಕು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಮಧ್ಯಾಹ್ನದ ಊಟವನ್ನೂ ಮರೆತರು. ಆ ‘ಉಣ್ಣೆಯ ಮಹಾಕಾವ್ಯ’ ಬರೆಯುವಾಗಲೂ ಅವರು ಅಷ್ಟು ಒದ್ದಾಡಿದ್ದನ್ನು ನಾನು ಕಂಡಿರಲಿಲ್ಲ.

ಕೊನೆಗೆ ಎರಡು ಸಾಲು ಹೇಳಿ ಬರೆಸಿದರು. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ: ‘ಆಶೀರ್ವಾದಕ್ಕಾಗಿ ಸಂಪರ್ಕಿಸಿ’, ಅದರ ಮುಂದೆ ಗೌರವಾಧ್ಯಕ್ಷರ ನಂಬರು. ಎಲ್ಲಕ್ಕಿಂತ ಕೆಳಗೆ, ವಂದನಾರ್ಪಣೆಯೂ ಮುಗಿದ ಮೇಲೆ: ‘ಕಂಬಳಿಗಾಗಿ ಸಂಪರ್ಕಿಸಿ, ಹನುಮಕ್ಕ’, ಅದರ ಮುಂದೆ ಅವಳ ನಂಬರು.

“ವಿಶೇಷಣ?” ಎಂದು ಕೇಳಿದೆ.

“ಬ್ಯಾಡ. ಫೋನ್ ಮಾಡೋನಿಗೆ ಪುರುಸೊತ್ತು ಇರಲ್ಲ.”

ಗೌರವಾಧ್ಯಕ್ಷರಿಗೆ ಬಹಳ ಸಂತೋಷವಾಯಿತಂತೆ. ಮೈದುನ ಆ ವರ್ಷ ಮಂಡಿಗೆ ಹೋಗಲಿಲ್ಲ. ಮೇಷ್ಟ್ರು ಮುಂದಿನ ವೆಬ್‌ಸೈಟನ್ನು ಮತ್ತೆ ನದಿಯಿಂದಲೇ ಶುರುಮಾಡಿದರು. ಬದಲಾದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅವರು ತೀರಿಕೊಂಡ ದಿನ ಹನುಮಕ್ಕನಿಗೆ ತಿಳಿಸೋಣವೆಂದು ಆ ಪುಟ ತೆರೆದು, ಪ್ರಾರ್ಥನೆ ದಾಟಿ, ಸ್ವಾಗತ ದಾಟಿ, ಎಲ್ಲ ಮುಖಗಳನ್ನೂ ದಾಟಿ ಕೆಳಗೆ ಬಂದು ಅವಳ ನಂಬರಿಗೆ ಫೋನು ಮಾಡಿದೆ. ಬ್ಯುಸಿ. ಬೆಳಿಗ್ಗೆ ಮಾಡಿದರೂ ಬ್ಯುಸಿ, ಮಧ್ಯಾಹ್ನ ಮಾಡಿದರೂ ಬ್ಯುಸಿ. ಮಣ್ಣು ಮಾಡುವ ಹೊತ್ತು ಹತ್ತಿರ ಬರುತ್ತಿತ್ತು. ಬೇರೆ ದಾರಿ ಕಾಣದೆ, ಪುಟದ ಮೇಲ್ತುದಿಗೆ ಹೋಗಿ ಅಲ್ಲಿದ್ದ ನಂಬರು ಒತ್ತಿದೆ. ಗೌರವಾಧ್ಯಕ್ಷರು ಮೊದಲ ರಿಂಗಿಗೇ ಎತ್ತಿಕೊಂಡರು.

“ಹೇಳ್ರಿ, ಹೇಳ್ರಿ,” ಎಂದರು, ಎಷ್ಟೋ ದಿನದಿಂದ ಕಾದಿದ್ದವರ ಹಾಗೆ. “ಆಶೀರ್ವಾದ ಬೇಕಾಗಿತ್ತಾ?”